ಕುಂಬಾರ ಹೋದರೂ ಉಳಿಯುವ ಮಡಕೆ

ಮೇಲ್ದವಡೆಯ ಹಲ್ಲಿನ ಬೇರಿನ ಸೋಂಕು ಕೆನ್ನೆಯ ಸೈನಸ್‌ಗೆ ಹರಡಿದಾಗ ರೋಗ ಇರುವುದು ಎಲ್ಲಿ? ಕಾರಣ ಇಲ್ಲವಾದರೆ ಕಾರ್ಯವೂ ಇಲ್ಲವೆಂಬ ವೈಶೇಷಿಕ ದಾರ್ಶನಿಕರ ವಾದ ಹಿಡಿದರೆ, ಹಲ್ಲು ಕಿತ್ತರೆ ಮುಗಿಯಿತು. ಹಲವರಿಗೆ ಅಷ್ಟೇ ಸಾಕಾಗುವುದೂ ಉಂಟು. 1651ರಲ್ಲಿ ಇಂಗ್ಲೆಂಡಿನ ವೈದ್ಯ ಹೈಮೋರ್ ವರ್ಣಿಸಿದ ರೋಗಿಯಲ್ಲಿ ಕೋರೆಹಲ್ಲು ಕಿತ್ತ ಕುಳಿಯಿಂದಲೇ ಕೀವು ಹೊರಬಂದಿತ್ತು. ಆದರೆ ಕುಂಬಾರ ಸತ್ತರೂ ಮಡಕೆ ಉಳಿಯುತ್ತದೆಂದು ನಿಮಿತ್ತ ಕಾರಣವನ್ನು ಬೇರ್ಪಡಿಸಿದವರೂ ನಮ್ಮ ತಾರ್ಕಿಕರೇ. ಹಲ್ಲು ಅಂಥ ಕುಂಬಾರ. ಊದಿದ ಒಳಪೊರೆ ಸೈನಸ್ಸಿನ ಸಹಜ ಕಿಂಡಿಯನ್ನು ಮುಚ್ಚಿತೆಂದರೆ, ಹಲ್ಲು ಹೋದ ಮೇಲೂ ಕೀವು ನಿಲ್ಲಬಲ್ಲದು. ಆಗ ಮೂಗಿನೊಳಗಿಂದ ಎಂಡೋಸ್ಕೋಪ್ ಹಾಯಿಸಿ ಕಿಂಡಿಯನ್ನು ಅಗಲಿಸಬೇಕಾಗುತ್ತದೆ. ಹಾಗಾದರೆ ಸೈನಸ್ಸನ್ನಷ್ಟೇ ಶುದ್ಧಿಮಾಡಿದರೆ ಸಾಲದೇ ಎಂಬ ಆಕ್ಷೇಪ ನಿಲ್ಲದು: ಸೋಂಕಿನ ಹಲ್ಲು ಉಳಿದಿದ್ದರೆ ಕುಂಬಾರ ಇನ್ನೂ ತಿಗರಿ ತಿರುಗಿಸುತ್ತಿದ್ದಾನೆ. ಒಂದೇ ಹೊಳ್ಳೆಯಿಂದ ದುರ್ವಾಸನೆಯ ಸಿಂಬಳ ಸುರಿಯುತ್ತಿದ್ದರೆ ದಂತವೈದ್ಯರನ್ನೂ ಕಿವಿ-ಮೂಗು-ಗಂಟಲು ತಜ್ಞರನ್ನೂ ಕಾಣಿ.