ವಾಯಿದೆ ಕೊಡುವಾಗ

ಹಾನಗಲ್ಲದ್ದೇ ಇರಲಿ, ಹಿರೇಕೆರೂರಿನದೇ ಇರಲಿ, ತಾಲ್ಲೂಕು ಕೋರ್ಟಿನ ಆವರಣದಲ್ಲಿ ಬೆಳಗಿನ ಹೊತ್ತು ಸ್ವಲ್ಪ ನಿಂತರೆ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ. “ಏನಾತ್ರಿ ಕಾಕಾ?” “ಏನಾಗ್ತದ, ಮತ್ತ ವಾಯಿದೆ ಕೊಟ್ರು.” ಆ ದನಿಯಲ್ಲಿ ಸಿಟ್ಟು ಇರುವುದಿಲ್ಲ, ಆಶ್ಚರ್ಯವಂತೂ ಇಲ್ಲವೇ ಇಲ್ಲ. ಕಂಕುಳಲ್ಲಿ ಪ್ಲಾಸ್ಟಿಕ್ ಚೀಲ. ಅದರೊಳಗೆ ಹೊಲದ ಉತಾರ, ಮಡಿಕೆಯಲ್ಲಿ ಹರಿದ ನಕಾಶೆ, ಅಜ್ಜನ ಕಾಲದ ಖರೀದಿ ಪತ್ರದ ಝೆರಾಕ್ಸ್. ಬಸ್ ಚಾರ್ಜು ಹೋಯಿತು, ಆ ದಿನದ ಕೆಲಸ ಹೋಯಿತು. ಇದನ್ನೆಲ್ಲ ನೋಡಿ ನೋಡಿ, ಕೋರ್ಟು ಕಾಯಿಸುವುದೆಂದರೆ ಬರೀ ಆಲಸ್ಯ ಎಂದು ನಾವು ತೀರ್ಮಾನಿಸಿಬಿಟ್ಟಿದ್ದೇವೆ. ಹಾಗೆ ಅನ್ನುವುದರಲ್ಲಿ ಸತ್ಯವಿದೆ, ಪೂರ್ತಿ ಸತ್ಯವಿಲ್ಲ. ಕೆಲವು ಸಲ ಕಾಯುವುದೇ ವಿವೇಕ ಎಂದು ಕಾನೂನೇ ಹೇಳುತ್ತದೆ.

ಅಣ್ಣತಮ್ಮಂದಿರ ಹೊಲ ಒಂದಷ್ಟು ಸವಣೂರು ತಾಲ್ಲೂಕಿನಲ್ಲಿ, ಒಂದಷ್ಟು ಶಿಗ್ಗಾವಿ ತಾಲ್ಲೂಕಿನಲ್ಲಿ ಇದೆ ಎಂದುಕೊಳ್ಳಿ. ಅಣ್ಣ ಸವಣೂರಿನಲ್ಲಿ ವಾಟ್ನಿ ದಾವೆ ಹೂಡಿದ. ಆಮೇಲೆ ತಮ್ಮ ಅದೇ ಆಸ್ತಿ, ಅದೇ ತಕರಾರು ಹಿಡಿದು ಶಿಗ್ಗಾವಿ ಕೋರ್ಟಿಗೆ ಹೋದ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 10ನೇ ಕಲಮಿನ ಪ್ರಕಾರ ಮೊದಲು ಹೂಡಿದ ದಾವೆ ತೀರುವತನಕ ಎರಡನೆಯದರ ವಿಚಾರಣೆ ನಡೆಯಬಾರದು. ಇಬ್ಬರು ನ್ಯಾಯಾಧೀಶರು ಒಂದೇ ಹೊಲಕ್ಕೆ ಎರಡು ತೀರ್ಪು ಕೊಟ್ಟರೆ ಯಾವುದನ್ನು ಪಾಲಿಸುವುದು? ಆದರೆ ಅದೇ ಕಲಮಿನ ಕೆಳಗೆ ಪುಟ್ಟದೊಂದು ವಿವರಣೆ ಇದೆ. ಅದೇ ವ್ಯಾಜ್ಯ ಪರದೇಶದ ಕೋರ್ಟಿನಲ್ಲಿ ನಡೆಯುತ್ತಿದೆ ಎಂಬ ಒಂದೇ ಕಾರಣಕ್ಕೆ ಇಲ್ಲಿಯ ಕೋರ್ಟು ತನ್ನ ಕೈ ಕಟ್ಟಿಕೊಳ್ಳಬೇಕಿಲ್ಲ ಎನ್ನುತ್ತದೆ ಆ ವಿವರಣೆ. ಒಳ್ಳೆಯದೆನಿಸಿದರೆ ಕಾಯಬಹುದು, ಕಾಯಲೇಬೇಕೆಂಬ ಕಟ್ಟಳೆ ಇಲ್ಲ. ಬ್ರಿಟಿಷರ ಕಾಲದಲ್ಲಿ ಬರೆದಿಟ್ಟ ಆ ಸಾಲಿನ ಬೆಲೆ, ಸಾಲ ಮಾಡಿದವರು ವಿಮಾನ ಹತ್ತಿ ಹೋಗುವ ಈ ಕಾಲದಲ್ಲಿ ಚೆನ್ನಾಗಿ ತಿಳಿಯುತ್ತದೆ.

ನಮ್ಮ ರಾಜ್ಯದವರಿಗೆ ಇದಕ್ಕೆ ಉದಾಹರಣೆ ಹುಡುಕಬೇಕಿಲ್ಲ. ಬೆಂಗಳೂರಿನ ವಿಜಯ್ ಮಲ್ಯ ಅವರ ಕಿಂಗ್‌ಫಿಶರ್ ಏರ್‌ಲೈನ್ಸ್ 2005ರಲ್ಲಿ ಹಾರಿತು, 2012ರಲ್ಲಿ ನೆಲಕ್ಕಿಳಿಯಿತು. ಅಷ್ಟರೊಳಗೆ ನೌಕರರಿಗೆ ತಿಂಗಳುಗಟ್ಟಲೆ ಸಂಬಳ ಇರಲಿಲ್ಲ. 2016ರ ಮಾರ್ಚ್ 2ರಂದು ಮಲ್ಯ ದೇಶ ಬಿಟ್ಟರು. ಸ್ಟೇಟ್ ಬ್ಯಾಂಕಿನ ಮುಂದಾಳತ್ವದ ಬ್ಯಾಂಕುಗಳ ಕೂಟಕ್ಕೆ 6,203 ಕೋಟಿ ರೂಪಾಯಿ, ಅದರ ಮೇಲೆ ವರ್ಷಕ್ಕೆ ಶೇಕಡಾ 11.5ರ ಬಡ್ಡಿ ವಸೂಲು ಮಾಡಿಕೊಳ್ಳಬಹುದೆಂದು ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿ 2017ರ ಜನವರಿಯಲ್ಲಿ ಹೇಳಿತು. ವಂಚನೆಯ ಆರೋಪ ಬೇರೆ, ಸಾಲದ ಲೆಕ್ಕ ಬೇರೆ ಎಂಬುದನ್ನು ಇಲ್ಲಿ ನೆನಪಿಡಬೇಕು. ತಾನು ವಂಚಕನಲ್ಲ, ವ್ಯಾಪಾರ ಕೈಕೊಟ್ಟಿತು ಅಷ್ಟೇ ಎಂಬುದು ಮಲ್ಯ ಅವರ ವಾದ. ಬ್ಯಾಂಕುಗಳು ಬೆಂಗಳೂರಿನ ಆದೇಶವನ್ನೇ ಹಿಡಿದುಕೊಂಡು ಲಂಡನ್ನಿಗೆ ಹೋಗಿ, ಅವರನ್ನು ದಿವಾಳಿ ಎಂದು ಘೋಷಿಸಿ ಎಂದು ಕೇಳಿದವು. 2020ರ ಏಪ್ರಿಲ್‌ನಲ್ಲಿ ಅಲ್ಲಿಯ ನ್ಯಾಯಾಧೀಶ ಮೈಕೆಲ್ ಬ್ರಿಗ್ಸ್ ಅರ್ಜಿಯನ್ನು ತಡೆದು ನಿಲ್ಲಿಸಿದರು. ಭಾರತದ ಸುಪ್ರೀಂ ಕೋರ್ಟಿನಲ್ಲಿ ಅರ್ಜಿಗಳಿವೆ, ಕರ್ನಾಟಕ ಹೈಕೋರ್ಟಿನ ಮುಂದೆ ರಾಜಿಯ ಪ್ರಸ್ತಾಪವಿದೆ, ಅವು ತೀರಲಿ ಎಂಬುದು ಅವರ ಕಾರಣ. ನಮ್ಮ ಕೋರ್ಟು ಏನನ್ನುತ್ತದೋ ನೋಡೋಣ ಎಂದು ಲಂಡನ್ನಿನ ಕೋರ್ಟು ಕಾಯಿತು.

ಇತ್ತ ದೆಹಲಿಯಲ್ಲಿ ಅದರ ತಿರುಗುಮುರುಗು. ಕರ್ನಾಟಕ ಹೈಕೋರ್ಟಿನ ಆದೇಶವನ್ನು ಮೀರಿ 4 ಕೋಟಿ ಡಾಲರ್ ಹಣವನ್ನು ಮಕ್ಕಳ ಹೆಸರಿಗೆ ದಾಟಿಸಿದ್ದಕ್ಕೆ ಮಲ್ಯ ನ್ಯಾಯಾಂಗ ನಿಂದನೆಯ ತಪ್ಪಿತಸ್ಥರೆಂದು ಸುಪ್ರೀಂ ಕೋರ್ಟು 2017ರಲ್ಲೇ ಹೇಳಿತ್ತು. ಶಿಕ್ಷೆ ವಿಧಿಸಬೇಕಾದರೆ ಮನುಷ್ಯ ಎದುರಿಗೆ ಬೇಕು. ಗಡೀಪಾರಿಗೆ ಲಂಡನ್ನಿನ ಕೋರ್ಟುಗಳು ಒಪ್ಪಿದ್ದರೂ, ಅಲ್ಲಿ ಇನ್ನೊಂದು ಗೌಪ್ಯ ಪ್ರಕರಣ ಬಾಕಿ ಇದೆ, ಅದು ಮುಗಿಯದೆ ಕಳಿಸುವುದಿಲ್ಲ ಎಂಬ ಉತ್ತರ ಬಂತು. ಹೀಗೆ ನಮ್ಮ ಸರ್ವೋಚ್ಚ ನ್ಯಾಯಾಲಯವೂ ಪರದೇಶದ ಪ್ರಕರಣವೊಂದಕ್ಕಾಗಿ ಕಾದು ಕುಳಿತಿತು. ತಾಲ್ಲೂಕು ಕೋರ್ಟಿನ ಆ ಕಾಕಾನ ಗತಿಯೇ ಅದಕ್ಕೂ!

ಕಾದದ್ದು ತಪ್ಪೇ? ನನಗೆ ಹಾಗನಿಸುವುದಿಲ್ಲ. ಊರ ಹಿರಿಯರ ಪಂಚಾಯ್ತಿಯನ್ನು ನೆನೆಯಿರಿ. ಪಾಲಿನ ಜಗಳ ಬಗೆಹರಿಯದೆ ಹಬ್ಬದಾಚೆಗೆ ಮುಂದೂಡುವಾಗ ತಿಳಿದ ಹಿರಿಯರು ಒಂದು ಮಾತು ಸೇರಿಸದೆ ಏಳುವುದಿಲ್ಲ: “ಅಲ್ಲೀತನಕ ರಾಶಿ ಕಣದಾಗ ಇರಲಿ. ಯಾರೂ ಒಂದು ಚೀಲಾನೂ ಮನೀಗೆ ಒಯ್ಯಂಗಿಲ್ಲ.” ಈ ಮಾತು ಸೇರಿದರೆ ಮಾತ್ರ ಕಾಯುವುದು ನ್ಯಾಯದ ಭಾಗವಾಗುತ್ತದೆ. ಇಲ್ಲದಿದ್ದರೆ ಜಗಳ ತೀರುವ ಹೊತ್ತಿಗೆ ಕಣದಲ್ಲಿ ಹೊಟ್ಟು ಮಾತ್ರ ಉಳಿದಿರುತ್ತದೆ.

ಲಂಡನ್ನಿನಲ್ಲೂ ಆ ಮಾತನ್ನು ಸೇರಿಸಿದ್ದರು. ಮಲ್ಯ ಅವರ ಆಸ್ತಿ ಜಗತ್ತಿನಲ್ಲಿ ಎಲ್ಲೇ ಇದ್ದರೂ ಮಾರುವಂತಿಲ್ಲ ಎಂಬ ತಡೆಯಾಜ್ಞೆಯನ್ನು ತೆರವು ಮಾಡಲು ಅಲ್ಲಿಯ ಹೈಕೋರ್ಟು 2018ರ ಮೇ ತಿಂಗಳಲ್ಲಿ ಒಪ್ಪಲಿಲ್ಲ. ಜೊತೆಗೆ ಇಲ್ಲಿಯ ಆಸ್ತಿಗಳ ಮೇಲೆ ಬ್ಯಾಂಕುಗಳಿಗೆ ಹಿಡಿತವೂ ಇತ್ತು. ನಿಜ, ಜೀವನ ನಡೆಸಲೆಂದು ವಾರಕ್ಕೆ 18,325 ಪೌಂಡಿನವರೆಗೆ ಖರ್ಚು ಮಾಡಲು ಕೋರ್ಟು ಬಿಟ್ಟಿತ್ತು. ಆಗಿನ ಲೆಕ್ಕದಲ್ಲಿ ಸುಮಾರು 16 ಲಕ್ಷ ರೂಪಾಯಿ. ನಮ್ಮ ಕಡೆ ಎರಡು ಎಮ್ಮೆ ಕಟ್ಟಿ ಮನೆ ತೂಗಿಸುವವರು ಇದನ್ನು ಓದಿ ನಕ್ಕರೆ ತಪ್ಪೆನ್ನಲಾಗದು. ಆದರೂ ಕಣಕ್ಕೆ ಕಾವಲು ಅಂತೂ ಇತ್ತು.

ಕಾವಲಿನಷ್ಟೇ ಮುಖ್ಯವಾದದ್ದು ಗಡುವು. ಅದೇ ಬ್ರಿಗ್ಸ್ 2021ರ ಜುಲೈ 26ರಂದು, ಸಾಲ ಸಮಂಜಸ ಅವಧಿಯಲ್ಲಿ ಪೂರ್ತಿ ತೀರುತ್ತದೆ ಎಂಬುದಕ್ಕೆ ಸಾಕಷ್ಟು ಪುರಾವೆ ಕಾಣುವುದಿಲ್ಲ ಎಂದು ಮಲ್ಯ ಅವರನ್ನು ದಿವಾಳಿ ಎಂದು ಘೋಷಿಸಿದರು. ತಾವೇ ಕೊಟ್ಟ ವಾಯಿದೆಯನ್ನು ತಾವೇ ಮುಗಿಸಿದರು. ಆ ಆದೇಶವನ್ನು ಅಲ್ಲಿಯ ಹೈಕೋರ್ಟು 2025ರ ಏಪ್ರಿಲ್‌ನಲ್ಲಿ ಎತ್ತಿಹಿಡಿಯಿತು. ನಮ್ಮ ಸುಪ್ರೀಂ ಕೋರ್ಟೂ 2021ರ ನವೆಂಬರ್‌ನಲ್ಲಿ, ಇನ್ನು ಕಾಯಲಾಗದು ಎಂದು ಹೇಳಿ, 2022ರ ಜುಲೈ 11ರಂದು ತಪ್ಪಿತಸ್ಥರ ಗೈರಿನಲ್ಲೇ ನಾಲ್ಕು ತಿಂಗಳ ಸಜೆ, 2,000 ರೂಪಾಯಿ ದಂಡ ವಿಧಿಸಿತು. ದಂಡದ ಮೊತ್ತ ನೋಡಿ ಹುಬ್ಬೇರಿಸಬೇಡಿ; 1971ರ ನ್ಯಾಯಾಂಗ ನಿಂದನೆ ಕಾಯ್ದೆ ಅದಕ್ಕಿಂತ ಹೆಚ್ಚಿಗೆ ಹಾಕಲು ಬಿಡುವುದಿಲ್ಲ. ದಾಟಿಸಿದ ಡಾಲರುಗಳನ್ನು ಬಡ್ಡಿ ಸಮೇತ ಮರಳಿಸಬೇಕೆಂಬ ಮಾತೂ ಆ ಆದೇಶದಲ್ಲಿತ್ತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಂತೂ ಈ ಕಾಯುವಿಕೆಗೆ ಅಂಕೆಯನ್ನೇ ಹಾಕಿದೆ. ತಲೆಮರೆಸಿಕೊಂಡ ಘೋಷಿತ ಅಪರಾಧಿ ಸದ್ಯಕ್ಕೆ ಸಿಗುವ ಹಾಗಿಲ್ಲದಿದ್ದರೆ, ದೋಷಾರೋಪ ಹೊರಿಸಿದ ಮೇಲೆ 90 ದಿನ ಕಾದು, ಅವನಿಲ್ಲದೆಯೇ ವಿಚಾರಣೆ ಶುರುಮಾಡಬಹುದು. ಅವನಿಗೆ ವಕೀಲರಿಲ್ಲದಿದ್ದರೆ ಸರ್ಕಾರವೇ ಕೊಡಬೇಕು. ಕರುಣೆಗೂ ಕ್ಯಾಲೆಂಡರ್ ಬೇಕೆಂದು ಶಾಸನಕಾರರಿಗೆ ತಡವಾಗಿ ಹೊಳೆದಿದೆ.

ಹಿರೇಕೆರೂರು ಸೀಮೆಯವನೆಂದು ನಾವು ಹೆಮ್ಮೆಪಡುವ ಸರ್ವಜ್ಞ ಸಾಲ ತರುವಾಗಿನ ಸುಖವನ್ನೂ ಸಾಲಿಗ ಬಂದು ಎಳೆಯುವಾಗಿನ ಸಂಕಟವನ್ನೂ ಹೇಳಿ ಹೋದ. ಇವೆರಡರ ನಡುವಿನ ವಾಯಿದೆಯ ಕಾಲವನ್ನು ನಮಗೇ ಬಿಟ್ಟನೇನೋ! ನಮ್ಮ ಮನೆಗಳ ಮಟ್ಟಕ್ಕೆ ಬಂದರೆ ಆ ಕಾಲ ಬಹಳ ತುಟ್ಟಿ. ಸೊಸೈಟಿಯಲ್ಲಿ ಶೂನ್ಯ ಬಡ್ಡಿಯ ಬೆಳೆಸಾಲ 5 ಲಕ್ಷದವರೆಗೆ ಸಿಗುತ್ತದೆ ನಿಜ, ಆದರೆ ಆ ಶೂನ್ಯ ಇರುವುದು ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ. ಕೋರ್ಟಿನಿಂದ ತಡೆ ತಂದೆವು, ಇನ್ನು ಬಡ್ಡಿ ಓಡುವುದಿಲ್ಲ ಎಂದು ನೆಮ್ಮದಿಯಾಗಿ ಮಲಗಿದವರು ನಮ್ಮಲ್ಲಿ ಇದ್ದಾರೆ. ಕೋರ್ಟು ಹಾಗೆಂದು ಬರೆದು ಹೇಳದ ಹೊರತು, ದಾವೆ ನಿಂತರೂ ಬಡ್ಡಿ ನಿಲ್ಲುವುದಿಲ್ಲ. ಹಾಗಾಗಿ ವಕೀಲರು “ವಾಯಿದೆ ತಗೊಂಡೇನ್ರಿ” ಎಂದಾಗ ಎರಡು ಮಾತು ಕೇಳುವುದು ಒಳ್ಳೆಯದು: ಅಲ್ಲಿಯವರೆಗೆ ಆಸ್ತಿ ಯಾರ ಕೈಯಲ್ಲಿರುತ್ತದೆ? ಬಡ್ಡಿ ಯಾರ ತಲೆಯ ಮೇಲೆ ಬೆಳೆಯುತ್ತದೆ? ಬಂಧುವೊಬ್ಬ ಕೈಗಡಕ್ಕೆ ಇನ್ನೊಂದು ಸುಗ್ಗಿಯ ಸಮಯ ಕೇಳಿದಾಗಲೂ ಇದೇ. ಕೊಡೋಣ, ಆದರೆ ಒಂದು ಚೀಟಿಯಲ್ಲಿ ತಾರೀಖು ಬರೆದು ಕೊಡೋಣ. ಸಂಬಂಧ ಕೆಡುವುದು ಚೀಟಿಯಿಂದಲ್ಲ, ಚೀಟಿ ಇಲ್ಲದ್ದರಿಂದ.

ಇನ್ನೊಂದು ಸಂಗತಿಯನ್ನೂ ಹೇಳದೆ ಬಿಟ್ಟರೆ ಪಕ್ಷಪಾತವಾದೀತು. ಮಲ್ಯ ಅವರ ಆಸ್ತಿಗಳಿಂದ ಸರ್ಕಾರಿ ಬ್ಯಾಂಕುಗಳಿಗೆ 14,131.6 ಕೋಟಿ ರೂಪಾಯಿ ಮರಳಿದೆ ಎಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ 2024ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ತಿಳಿಸಿದರು. ಅದನ್ನೇ ಮುಂದಿಟ್ಟುಕೊಂಡು ಮಲ್ಯ 2025ರ ಫೆಬ್ರುವರಿಯಲ್ಲಿ, ಎಷ್ಟು ವಸೂಲಾಯಿತು, ಎಷ್ಟು ಬಾಕಿ, ಲೆಕ್ಕ ಕೊಡಿಸಿ ಎಂದು ಕರ್ನಾಟಕ ಹೈಕೋರ್ಟಿಗೆ ಹೋದರು. ಅವರ ನಡತೆ ಮೆಚ್ಚದವರೂ ಈ ಪ್ರಶ್ನೆ ಸರಿಯಾದದ್ದೆಂದು ಒಪ್ಪಬೇಕು. ವರ್ಷಗಟ್ಟಲೆ ವಾಯಿದೆಯ ಮೇಲೆ ನಿಂತ ಸಾಲದಲ್ಲಿ ಅಸಲೆಷ್ಟು, ಬಡ್ಡಿ ಎಷ್ಟು, ನೋಟಿಸಿನ ಖರ್ಚು ಎಷ್ಟು ಎಂಬುದು ಸಾಲಗಾರನಿಗೂ ಗೊತ್ತಿರುವುದಿಲ್ಲ, ಕೆಲವು ಸಲ ಎದುರು ಕುಳಿತ ಗುಮಾಸ್ತರಿಗೂ ಹೇಳಲಾಗುವುದಿಲ್ಲ. ಉತಾರದ ಮೇಲೆ ಬೋಜಾ ಹಾಗೇ ಕೂತಿರುತ್ತದೆ. ಮುಂದಿನ ಲೋಕ ಅದಾಲತ್ತಿಗೆ ಹೋಗುವ ಮೊದಲು ಖಾತೆಯ ಪೂರ್ತಿ ಲೆಕ್ಕ ಕೊಡಿ ಎಂದು ಶಾಖೆಯಲ್ಲಿ ಬರವಣಿಗೆಯಲ್ಲಿ ಕೇಳಿ, ಅರ್ಜಿಯ ನಕಲಿನ ಮೇಲೆ ಮೊಹರು ಹಾಕಿಸಿಕೊಂಡು ಬನ್ನಿ. ಅಷ್ಟಕ್ಕೆ ಲಂಡನ್ನಿನ ವಕೀಲರು ಬೇಕಾಗುವುದಿಲ್ಲ.