ಪ್ರತಿಪಕ್ಷದ ಸೇನಾಪತಿಗೆ ಅರ್ಘ್ಯ

ಮಾಘ ಶುದ್ಧ ಸಪ್ತಮಿಯಂದು ರಥಸಪ್ತಮಿ, ಮರುದಿನ ಭೀಷ್ಮಾಷ್ಟಮಿ, ಅದರ ಮರುದಿನ ಮಧ್ವನವಮಿ. ಈ ಮೂರು ಪರ್ವದಿನಗಳು ಒಂದರ ಹಿಂದೆ ಒಂದು ಬರುವುದರಿಂದ ನಡುವಿನ ಭೀಷ್ಮಾಷ್ಟಮಿಯು ಅನೇಕರ ಗಮನಕ್ಕೆ ಬಾರದೆ ಕಳೆದುಹೋಗುತ್ತದೆ. ಆ ದಿನ ಸ್ನಾನಾಹ್ನಿಕಗಳನ್ನು ಮುಗಿಸಿ ಭೀಷ್ಮಾಚಾರ್ಯರಿಗೆ ಅರ್ಘ್ಯವನ್ನು ಕೊಡುವ ಸಂಪ್ರದಾಯವಿದೆ. ತಂದೆ ಜೀವಂತರಾಗಿರುವವರೂ ಇದನ್ನು ಕೊಡಬಹುದೆಂದು ಹೇಳುವ ಧರ್ಮಶಾಸ್ತ್ರಗ್ರಂಥಗಳುಂಟು. ಮಕ್ಕಳಿಲ್ಲದ ಆ ಮಹಾತ್ಮನಿಗೆ ಲೋಕವೇ ಮಗನ ಸ್ಥಾನದಲ್ಲಿ ನಿಂತು ನೀರು ಬಿಡುತ್ತದೆ.

ಈ ಆಚರಣೆಯಲ್ಲಿ ಯೋಚಿಸಬೇಕಾದ ವಿಷಯವೊಂದಿದೆ. ಭೀಷ್ಮಾಚಾರ್ಯರು ಕುರುಕ್ಷೇತ್ರದಲ್ಲಿ ಯಾವ ಪಕ್ಷದಲ್ಲಿದ್ದರು? ಕೌರವಸೇನೆಗೆ 10 ದಿನಗಳ ಕಾಲ ಅಧಿಪತಿಗಳಾಗಿದ್ದವರು ಅವರೇ. ಶ್ರೀಕೃಷ್ಣನು ಸಾರಥಿಯಾಗಿದ್ದ ರಥದ ಮೇಲೆ, ಶ್ರೀಕೃಷ್ಣನ ಮೈಮೇಲೆಯೇ, ಬಾಣಗಳ ಮಳೆಗರೆದವರೂ ಅವರೇ. ಹೀಗಿದ್ದರೂ ಪಾಂಡವಪಕ್ಷಪಾತಿಗಳಾದ ನಾವು ಪ್ರತಿವರ್ಷವೂ ಪ್ರತಿಪಕ್ಷದ ಸೇನಾಪತಿಗೆ ಅರ್ಘ್ಯ ಕೊಡುತ್ತೇವೆ. ಎದುರು ಪಕ್ಷವನ್ನೂ ಅದರ ನಾಯಕನನ್ನೂ ಸಜ್ಜನನು ಹೇಗೆ ಕಾಣಬೇಕು ಎಂಬ ಪ್ರಶ್ನೆ ಇಲ್ಲಿಂದಲೇ ಹುಟ್ಟುತ್ತದೆ. ಚುನಾವಣೆ ಬಂದಿತೆಂದರೆ ಒಡಹುಟ್ಟಿದವರು ಮಾತು ಬಿಡುವ, ಒಂದು ಪಂಕ್ತಿಯಲ್ಲಿ ಕುಳಿತು ಉಣ್ಣಲು ಹಿಂಜರಿಯುವ ಈ ಕಾಲದಲ್ಲಿ ಇದು ಕೇವಲ ಪುರಾಣದ ಪ್ರಶ್ನೆಯಲ್ಲ.

ಈ ಪ್ರಶ್ನೆಗೆ ಸುಲಭವಾದ ಎರಡು ಉತ್ತರಗಳು ಬಳಕೆಯಲ್ಲಿವೆ. ಪಕ್ಷಗಳೆಲ್ಲವೂ ಒಂದೇ, ಸರಿ ತಪ್ಪುಗಳು ನೋಡುವವರ ಭಾವನೆ ಎಂಬುದು ಮೊದಲನೆಯದು. ನಮ್ಮ ಪಕ್ಷವೇ ಧರ್ಮ, ಎದುರಿಗಿರುವವರೆಲ್ಲರೂ ದುಷ್ಟರು ಎಂಬುದು ಎರಡನೆಯದು. ವಿಚಾರ ಮಾಡಿ ನೋಡಿದರೆ ನಮ್ಮ ಸಿದ್ಧಾಂತವು ಇವೆರಡನ್ನೂ ಒಪ್ಪುವುದಿಲ್ಲ.

ಮೊದಲನೆಯ ಉತ್ತರವನ್ನು ಭೇದವಾದಿಗಳಾದ ನಾವು ಒಪ್ಪಲಾರೆವು. ಧರ್ಮಾಧರ್ಮಗಳ ಭೇದವು ಸತ್ಯವಾದುದು. ಭೀಮಸೇನನು ವಾಯುದೇವರ ಅವತಾರ, ದುರ್ಯೋಧನನು ಕಲಿಯ ಅವತಾರ ಎಂದು ಶ್ರೀಮದಾಚಾರ್ಯರು ತಾತ್ಪರ್ಯನಿರ್ಣಯದಲ್ಲಿ ಸಂಶಯಕ್ಕೆಡೆಯಿಲ್ಲದಂತೆ ನಿರ್ಣಯಿಸಿದ್ದಾರೆ. ದ್ರೌಪದಿಯನ್ನು ಸಭೆಗೆ ಎಳೆತಂದವರೂ ಆ ಅವಮಾನವನ್ನು ಸೇಡಿನಿಂದ ತೊಳೆದವರೂ ಸಮಾನರೆಂದು ಹೇಳುವುದು ಸಮದೃಷ್ಟಿಯಲ್ಲ, ಅವಿವೇಕ.

ಆದರೆ ಅದೇ ಗ್ರಂಥವು ಎರಡನೆಯ ಉತ್ತರಕ್ಕೂ ಎಡೆಗೊಡುವುದಿಲ್ಲ. ಭೀಷ್ಮರು ವಸುವಿನ ಅವತಾರ, ದ್ರೋಣರು ದೇವಗುರು ಬೃಹಸ್ಪತಿಯ ಅವತಾರ. ಇಬ್ಬರೂ ನಿಂತಿದ್ದು ಕಲಿಯ ಧ್ವಜದ ಕೆಳಗೆ. ಇದಕ್ಕಿಂತಲೂ ಸ್ವಾರಸ್ಯಕರವಾದ ವಿಷಯವೊಂದಿದೆ. ತ್ರೇತಾಯುಗದಲ್ಲಿ ಇಂದ್ರನು ವಾಲಿಯಾಗಿ, ಸೂರ್ಯನು ಸುಗ್ರೀವನಾಗಿ ಅವತರಿಸಿದರು. ವಾಯುದೇವರು ಹನುಮಂತನ ರೂಪದಿಂದ ಸುಗ್ರೀವನ ಪಕ್ಷದಲ್ಲಿ ನಿಂತರು, ಶ್ರೀರಾಮನೂ ಅಲ್ಲಿಯೇ ನಿಂತನು, ವಾಲಿ ಹತನಾದನು. ದ್ವಾಪರದಲ್ಲಿ ಇಂದ್ರನು ಅರ್ಜುನನಾದನು, ಸೂರ್ಯನು ಕರ್ಣನಾದನು. ಈ ಸಲ ವಾಯುದೇವರು ಭೀಮಸೇನನಾಗಿ ಅರ್ಜುನನ ಜೊತೆಯಲ್ಲಿದ್ದರು, ಶ್ರೀಕೃಷ್ಣನೂ ಅಲ್ಲಿಯೇ ಇದ್ದನು, ಕರ್ಣನು ಹತನಾದನು. ದೇವತೆಗಳು ಅವರೇ, ಪಕ್ಷಗಳು ಮಾತ್ರ ಅದಲುಬದಲಾದವು. ವಾಯುದೇವರಿರುವಲ್ಲಿ ಶ್ರೀಹರಿ, ಶ್ರೀಹರಿಯಿರುವಲ್ಲಿ ಜಯ ಎಂಬುದು ಇದರ ಮುಖ್ಯ ತಾತ್ಪರ್ಯ. ಇದರಿಂದ ಇನ್ನೊಂದು ಅಂಶವೂ ಸಿದ್ಧಿಸುತ್ತದೆ. ಒಂದು ಪಕ್ಷವು ಅಧರ್ಮದ್ದೆಂದು ನಿರ್ಣಯವಾದ ಮಾತ್ರಕ್ಕೆ ಅದರಲ್ಲಿರುವ ಪ್ರತಿಯೊಬ್ಬನ ಯೋಗ್ಯತೆಯೂ ನಿರ್ಣಯವಾದಂತಾಗುವುದಿಲ್ಲ. ಪಕ್ಷದ ವಿಚಾರವೇ ಬೇರೆ, ಪಕ್ಷದಲ್ಲಿರುವ ವ್ಯಕ್ತಿಯ ವಿಚಾರವೇ ಬೇರೆ.

ಹಾಗಾದರೆ ಸಜ್ಜನರು ತಪ್ಪು ಪಕ್ಷದಲ್ಲಿ ನಿಂತರೆ ದೋಷವಿಲ್ಲವೇ ಎಂದರೆ, ಇದ್ದೇ ಇದೆ. ಯುದ್ಧಾರಂಭದಲ್ಲಿ ಧರ್ಮರಾಜನು ಕವಚವನ್ನು ಕಳಚಿ, ಆಯುಧಗಳನ್ನು ಕೆಳಗಿಟ್ಟು, ಕಾಲ್ನಡಿಗೆಯಿಂದ ಶತ್ರುಸೈನ್ಯದ ನಡುವೆ ಹೋಗಿ ಭೀಷ್ಮರಿಗೆ ನಮಸ್ಕರಿಸಿದನು. ಆಗ ಪಿತಾಮಹರು ಅವನಿಗೆ ಜಯವನ್ನು ಹಾರೈಸಿದರು. ಜೊತೆಗೆ, ಮನುಷ್ಯನು ಅರ್ಥಕ್ಕೆ ದಾಸನು, ಕೌರವರ ಅರ್ಥದಿಂದ ತಾವು ಬದ್ಧರಾಗಿರುವೆವು ಎಂದು ಸಂಕೋಚದಿಂದ ನುಡಿದರು. ತಮ್ಮ ಪಕ್ಷ ಯಾವುದು, ಧರ್ಮ ಎಲ್ಲಿದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ದ್ಯೂತಸಭೆಯಲ್ಲಿ ದ್ರೌಪದಿಯ ಪ್ರಶ್ನೆಗೆ ಅವರು ನೇರವಾದ ಉತ್ತರವನ್ನು ಕೊಡಲಿಲ್ಲ. ಅಂದು ಹಿರಿಯರೆಲ್ಲ ತಲೆ ತಗ್ಗಿಸಿ ಕುಳಿತಿದ್ದಾಗ ಎದ್ದು ನಿಂತು ನ್ಯಾಯವನ್ನು ಹೇಳಿದವನು ದುರ್ಯೋಧನನ ತಮ್ಮನಾದ ವಿಕರ್ಣ. ಆದರೆ ಅವನೂ ಯುದ್ಧದಲ್ಲಿ ಅಣ್ಣನ ಕಡೆಯೇ ನಿಂತು ಭೀಮಸೇನನ ಕೈಯಲ್ಲಿ ಮಡಿದನು. ಭೀಮಸೇನನು ಅವನಿಗಾಗಿ ಮರುಗಿದನೆಂದು ಭಾರತವು ಹೇಳುತ್ತದೆ. ಧೃತರಾಷ್ಟ್ರನ ಇನ್ನೊಬ್ಬ ಮಗನಾದ ಯುಯುತ್ಸು ಮಾತ್ರ ಧರ್ಮರಾಜನ ಕರೆಗೆ ಓಗೊಟ್ಟು ಎಲ್ಲರೂ ನೋಡುತ್ತಿರುವಂತೆ ಈಚೆಯ ಕಡೆಗೆ ಬಂದನು. ಸುಮ್ಮನಿದ್ದವರು, ಮಾತನಾಡಿ ಉಳಿದವನು, ಬಿಟ್ಟು ಬಂದವನು ಹೀಗೆ ಮೂರು ಬಗೆಯವರನ್ನು ಭಗವಾನ್ ವೇದವ್ಯಾಸರು ಒಂದೇ ಪಕ್ಷದಲ್ಲಿ ತೋರಿಸಿದ್ದಾರೆ. ನಮ್ಮ ಪಕ್ಷವು ತಪ್ಪು ಮಾಡಿದಾಗ ನಾವು ಈ ಮೂವರಲ್ಲಿ ಯಾರಂತೆ ನಡೆಯುವೆವು ಎಂದು ಕೇಳಿಕೊಳ್ಳುವುದು, ಎದುರು ಪಕ್ಷದ ತಪ್ಪುಗಳನ್ನು ಎಣಿಸುವುದಕ್ಕಿಂತ ಮೊದಲು ಮಾಡಬೇಕಾದ ಕೆಲಸ.

ಇನ್ನು ವಿರೋಧದ ಬಗೆಗಳನ್ನು ವಿಚಾರಿಸೋಣ. ಶ್ರೀಮದಾಚಾರ್ಯರು ‘ಕಥಾಲಕ್ಷಣ’ವೆಂಬ ಪ್ರಕರಣದಲ್ಲಿ ವಾಗ್ಯುದ್ಧವನ್ನು ವಾದ, ಜಲ್ಪ, ವಿತಂಡಾ ಎಂದು ಮೂರಾಗಿ ವಿಭಾಗಿಸಿದ್ದಾರೆ. ತತ್ತ್ವನಿರ್ಣಯಕ್ಕಾಗಿ ಸಜ್ಜನರು ನಡೆಸುವುದು ವಾದ. ಕೀರ್ತಿಗಾಗಿಯೋ ಸ್ಪರ್ಧೆಯಿಂದಲೋ ಸಜ್ಜನರೇ ಪರಸ್ಪರ ನಡೆಸುವುದು ಜಲ್ಪ. ಸಜ್ಜನರು ಅನ್ಯರೊಡನೆ, ತಮ್ಮ ತತ್ತ್ವವನ್ನು ಗೋಪ್ಯವಾಗಿಟ್ಟು ನಡೆಸುವುದು ವಿತಂಡಾ. ವಿಚಾರಣೆಗೆ ಕೂಡುವ ಪ್ರಾಶ್ನಿಕರು ರಾಗದ್ವೇಷಗಳಿಲ್ಲದವರಾಗಿರಬೇಕೆಂದೂ ಅಲ್ಲಿ ಹೇಳಿದೆ. ಈ ವಿಭಾಗವನ್ನು ಲೋಕವ್ಯವಹಾರಕ್ಕೂ ಅನ್ವಯಿಸಿ ನೋಡಬಹುದೆಂದು ನನಗೆ ತೋರುತ್ತದೆ. ಕ್ರೀಡೆಯು ಜಲ್ಪದಂತೆ, ಅದು ಸಜ್ಜನರ ಸ್ಪರ್ಧೆ. ರಾಜಕೀಯವು ವಾದದಂತಿರಬೇಕು, ಲೋಕಹಿತ ಯಾವುದೆಂಬ ನಿರ್ಣಯವೇ ಅದರ ಗುರಿ. ಯುದ್ಧವೊಂದೇ ವಿತಂಡಾಕ್ಕೆ ಸಮೀಪವಾದುದು. ಸ್ಪರ್ಧೆಯನ್ನು ಯುದ್ಧವೆಂದೂ ವಾದವನ್ನು ವಿತಂಡಾ ಎಂದೂ ಭಾವಿಸಿ ನಡೆಯುವುದರಿಂದಲೇ ಇಂದಿನ ಕಲಹಗಳಲ್ಲಿ ಅನೇಕವು ಹುಟ್ಟುತ್ತಿವೆ.

ಕ್ರೀಡೆಗೆ ನಮ್ಮ ನಾಡಿನವರದೇ ಒಂದು ದೃಷ್ಟಾಂತವುಂಟು. 1980ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಭಾರತಕ್ಕೂ ಇಂಗ್ಲೆಂಡಿಗೂ ಸುವರ್ಣಮಹೋತ್ಸವದ ಟೆಸ್ಟ್ ಪಂದ್ಯ ನಡೆಯಿತು. ಭದ್ರಾವತಿಯ ಗುಂಡಪ್ಪ ವಿಶ್ವನಾಥ್ ಭಾರತದ ನಾಯಕರಾಗಿದ್ದರು. ಇಂಗ್ಲೆಂಡ್ 5 ವಿಕೆಟ್‌ಗಳನ್ನು ಬೇಗನೆ ಕಳೆದುಕೊಂಡು ಕಷ್ಟದಲ್ಲಿದ್ದಾಗ ಬಾಬ್ ಟೇಲರ್ ಔಟಾದರೆಂದು ಅಂಪೈರ್ ತೀರ್ಪಿತ್ತರು. ಚೆಂಡು ಬ್ಯಾಟಿಗೆ ತಗಲಿಲ್ಲವೆಂದು ಮನಗಂಡ ವಿಶ್ವನಾಥರು ಅಂಪೈರರಲ್ಲಿ ವಿನಂತಿಸಿ ಟೇಲರರನ್ನು ಹಿಂದಕ್ಕೆ ಕರೆಸಿದರು. ಆಮೇಲೆ ಬಾಥಮ್ ಮತ್ತು ಟೇಲರ್ ಸೇರಿ 171 ಓಟಗಳ ಜೊತೆಯಾಟವಾಡಿದರು. ಬಾಥಮ್ 114 ಓಟಗಳನ್ನು ಗಳಿಸಿದ್ದಲ್ಲದೆ 13 ವಿಕೆಟ್‌ಗಳನ್ನೂ ಪಡೆದರು. ಭಾರತವು 10 ವಿಕೆಟ್‌ಗಳಿಂದ ಸೋತಿತು.

ಇಲ್ಲಿ ಒಂದು ಆಕ್ಷೇಪವನ್ನು ಪರಿಹರಿಸಬೇಕು. ನಾಯಕನು ತನ್ನ ಪಕ್ಷದ ಹಿತವನ್ನು ಕಾಯಬೇಕಾದವನು. ಉಳಿದ ಹತ್ತು ಮಂದಿಯ ಶ್ರಮವನ್ನು ದಾನ ಮಾಡಿಬಿಡಲು ಅವನಿಗೆ ಏನು ಅಧಿಕಾರವಿದೆ? ಈ ಆಕ್ಷೇಪವು ಬಲವಾದುದೇ. ಆದರೆ ದಾನಕ್ಕೂ ಹಿಂದಿರುಗಿಸುವುದಕ್ಕೂ ಭೇದವಿದೆ. ತಂಡವು ನ್ಯಾಯವಾಗಿ ಗಳಿಸಿದ ವಿಕೆಟನ್ನು ಕರುಣೆಯಿಂದ ಬಿಟ್ಟುಕೊಟ್ಟಿದ್ದರೆ ಅದು ಪರರ ಸ್ವತ್ತನ್ನು ದಾನ ಮಾಡಿದಂತಾಗುತ್ತಿತ್ತು. ವಿಶ್ವನಾಥರು ಕೊಟ್ಟದ್ದು ತಂಡದ್ದಾಗಿರಲಿಲ್ಲ. ತಪ್ಪು ತೀರ್ಪಿನಿಂದ ಕೈಗೆ ಬಂದಿದ್ದ ಪರರ ಸ್ವತ್ತನ್ನು ಅವರು ಹಿಂದಿರುಗಿಸಿದರು. ಇದು ದಯೆಯಲ್ಲ, ಸತ್ಯ. ನಾಯಕನು ತನ್ನವರ ಪಾಲನ್ನು ಕಾಯಬೇಕು. ತನ್ನವರದಲ್ಲದ್ದನ್ನು ಅವರಿಗಾಗಿ ಕಾಯುವ ಅಧಿಕಾರ ಅವನಿಗಿಲ್ಲ.

ರಾಜಕೀಯದಲ್ಲಿ 1994ನೆಯ ಇಸವಿಯ ಪ್ರಸಂಗವೊಂದು ಸ್ಮರಣೀಯವಾಗಿದೆ. ವಿಶ್ವಸಂಸ್ಥೆಯ ಮಾನವಹಕ್ಕುಗಳ ಆಯೋಗದಲ್ಲಿ ಕಾಶ್ಮೀರದ ವಿಷಯವಾಗಿ ಪಾಕಿಸ್ತಾನವು ಭಾರತದ ವಿರುದ್ಧ ಗೊತ್ತುವಳಿಯನ್ನು ಮುಂದಿಟ್ಟಾಗ, ಪ್ರಧಾನಮಂತ್ರಿ ಪಿ. ವಿ. ನರಸಿಂಹರಾಯರು ಜಿನೀವಾ ನಗರಕ್ಕೆ ಹೋಗುವ ನಿಯೋಗದ ನಾಯಕತ್ವವನ್ನು ಲೋಕಸಭೆಯಲ್ಲಿ ವಿರೋಧಪಕ್ಷದ ನಾಯಕರಾಗಿದ್ದ ಅಟಲ ಬಿಹಾರಿ ವಾಜಪೇಯಿಯವರಿಗೆ ವಹಿಸಿದರು. ಪಾಕಿಸ್ತಾನವು ಗೊತ್ತುವಳಿಯನ್ನು ಹಿಂತೆಗೆದುಕೊಂಡಿತು. ಗಂಧರ್ವನಾದ ಚಿತ್ರಸೇನನು ದುರ್ಯೋಧನನನ್ನು ಸೆರೆಹಿಡಿದಾಗ, ನಮ್ಮೊಳಗಿನ ಜಗಳಕ್ಕೆ ನಾವು ಐವರು, ಅವರು ನೂರ್ವರು. ಹೊರಗಿನವರು ಮೇಲೆ ಬಿದ್ದರೆ ನಾವು ನೂರಐವರು ಎಂದು ಹೇಳಿ ತಮ್ಮಂದಿರನ್ನು ಬಿಡುಗಡೆಗೆ ಕಳುಹಿಸಿದ ಧರ್ಮರಾಜನ ನೀತಿಯೂ ಇದೇ. ಇಂಥ ಕಾರ್ಯ ಆದ ಮೇಲೆ ಇಬ್ಬರೂ ತಮ್ಮ ಭಿನ್ನಾಭಿಪ್ರಾಯವನ್ನು ಬಿಡಬೇಕಾಗಿಲ್ಲ. ನರಸಿಂಹರಾಯರೂ ವಾಜಪೇಯಿಯವರೂ ಬಿಡಲಿಲ್ಲ.

ಯುದ್ಧದಲ್ಲಿಯೂ ಮರ್ಯಾದೆಗೆ ಸ್ಥಾನವಿದೆ. 1999ರ ಕಾರ್ಗಿಲ್ ಯುದ್ಧದಲ್ಲಿ ಟೈಗರ್ ಹಿಲ್ ಬಳಿ ಹೋರಾಡಿ ಮಡಿದ ಪಾಕಿಸ್ತಾನದ ಕ್ಯಾಪ್ಟನ್ ಕರ್ನಲ್ ಶೇರ್ ಖಾನನ ಶೌರ್ಯವನ್ನು ಕಂಡ ಭಾರತೀಯ ಬ್ರಿಗೇಡಿಯರ್ ಎಂ. ಪಿ. ಎಸ್. ಬಾಜ್ವಾ ಅವರು, ಅದನ್ನು ಪ್ರಶಂಸಿಸಿ ಬರೆದ ಚೀಟಿಯನ್ನು ಮೃತದೇಹದ ಜೇಬಿನಲ್ಲಿರಿಸಿ ಕಳುಹಿಸಿದರು. ಆ ವೀರನಿಗೆ ಅವನ ದೇಶವು ತನ್ನ ಅತ್ಯುನ್ನತ ಪದಕವನ್ನು ಕೊಟ್ಟಿತು. ಇದರಿಂದ ಆ ಆಕ್ರಮಣವು ನ್ಯಾಯವಾಯಿತೆಂದು ಯಾರೂ ಹೇಳಲಿಲ್ಲ. ವೈರವು ಮರಣದೊಂದಿಗೆ ಮುಗಿಯಿತೆಂದು ಹೇಳಿ ರಾವಣನ ಸಂಸ್ಕಾರವನ್ನು ವಿಭೀಷಣನಿಂದ ಮಾಡಿಸಿದ ಶ್ರೀರಾಮನೂ ರಾವಣನ ಕಾರ್ಯವನ್ನು ಸಮರ್ಥಿಸಲಿಲ್ಲ.

ಆದರೂ ಒಂದು ಮಾತು ಉಳಿಯುತ್ತದೆ. ಭೀಷ್ಮರಿಗೆ ಅರ್ಘ್ಯ ಕೊಡುವ ನಾವು ದುರ್ಯೋಧನನಿಗೆ ಕೊಡುವುದಿಲ್ಲ. ಸ್ವರೂಪದಿಂದಲೇ ದುಷ್ಟರಾದ ಜೀವರೂ ಉಂಟೆಂದು ನಮ್ಮ ಶಾಸ್ತ್ರವು ಹೇಳುತ್ತದೆ. ಹಾಗಾದರೆ ಇಂದಿನ ನಮ್ಮ ಎದುರಾಳಿಯೂ ಅಂಥವನೇ ಏಕಾಗಿರಬಾರದು? ಆಗಿರಬಹುದು, ಆಗಿಲ್ಲದಿರಬಹುದು. ಜೀವರ ಸ್ವರೂಪಯೋಗ್ಯತೆಯನ್ನು ಪೂರ್ಣವಾಗಿ ಬಲ್ಲವನು ಶ್ರೀಹರಿ. ಅವನ ಪ್ರಸಾದದಿಂದ ಅಪರೋಕ್ಷಜ್ಞಾನಿಗಳು ತಮ್ಮ ತಮ್ಮ ಯೋಗ್ಯತೆಗೆ ತಕ್ಕಂತೆ ಬಲ್ಲರು. ವೃತ್ತಪತ್ರಿಕೆಯನ್ನು ಓದಿ, ದೂರದರ್ಶನವನ್ನು ನೋಡಿ, ಕೈಯಲ್ಲಿನ ಫೋನಿಗೆ ಬಂದ ಮಾತನ್ನು ನಂಬಿ ನೆರೆಮನೆಯವನನ್ನೋ ಸ್ವಂತ ತಮ್ಮನನ್ನೋ ಕಲಿಯ ಪರಿವಾರಕ್ಕೆ ಸೇರಿಸುವ ಅಧಿಕಾರವನ್ನು ನಮಗೆ ಯಾವ ಗ್ರಂಥವೂ ಕೊಟ್ಟಿಲ್ಲ. ನಮಗಿರುವ ಅಧಿಕಾರವು ಕರ್ಮವನ್ನು ವಿಚಾರಿಸುವುದಕ್ಕೆ ಮಾತ್ರ. ಈ ಕಾರ್ಯವು ಅನ್ಯಾಯ, ಇದನ್ನು ವಿರೋಧಿಸುತ್ತೇನೆ ಎಂದು ದೃಢವಾಗಿ ಹೇಳೋಣ. ಈ ಜೀವನೇ ತಾಮಸನೆಂಬ ತೀರ್ಪನ್ನು ಕೊಡುವ ಪೀಠ ನಮ್ಮದಲ್ಲ.

ಕೊನೆಯದಾಗಿ, ಪಾಠಶಾಲೆಯ ಹುಡುಗನಿಗೂ ಗೊತ್ತಿರುವ ಪೂರ್ವಪಕ್ಷದ ನಿಯಮವನ್ನು ಮನೆಯಲ್ಲಿ ಪಾಲಿಸಬಹುದು. ಎದುರಾಳಿಯ ಮತವನ್ನು ಅವನು ಹೌದೆನ್ನುವಂತೆ ಮೊದಲು ಹೇಳಿ, ಆಮೇಲೆ ಖಂಡಿಸಬೇಕು. ವ್ಯಾಸರಾಯರ ‘ನ್ಯಾಯಾಮೃತ’ವು ಅದ್ವೈತಿಗಳ ವಾದವನ್ನು ಎಷ್ಟು ಸಮಗ್ರವಾಗಿ ಎತ್ತಿಕೊಂಡಿತೆಂದರೆ, ಅದಕ್ಕೆ ಉತ್ತರವಾಗಿ ಮಧುಸೂದನ ಸರಸ್ವತಿಗಳು ‘ಅದ್ವೈತಸಿದ್ಧಿ’ಯನ್ನೇ ರಚಿಸಬೇಕಾಯಿತು. ಅಣ್ಣತಮ್ಮಂದಿರು ಈ ನಿಯಮದಂತೆ ಒಂದು ಗಳಿಗೆ ಮಾತನಾಡಿದರೆ, ಮತವು ಬದಲಾಗದಿದ್ದರೂ, ಪಿತೃಗಳ ಶ್ರಾದ್ಧದ ದಿನ ಒಂದೇ ಪಂಕ್ತಿಯಲ್ಲಿ ಕುಳಿತುಕೊಳ್ಳಲು ಅಡ್ಡಿಯಾಗಲಾರದು.

ಶ್ರೀಮದಾಚಾರ್ಯರೊಡನೆ ಹಲವು ದಿನಗಳ ಕಾಲ ವಾದಿಸಿದ ಮಹಾಪ್ರತಿವಾದಿ ತ್ರಿವಿಕ್ರಮ ಪಂಡಿತಾಚಾರ್ಯರು. ನಾವು ಪ್ರತಿದಿನ ಪಠಿಸುವ ವಾಯುಸ್ತುತಿ ಅವರದು. ಆಚಾರ್ಯರ ಚರಿತ್ರೆಯಾದ ಸುಮಧ್ವವಿಜಯವು ಅವರ ಪುತ್ರರಾದ ನಾರಾಯಣ ಪಂಡಿತಾಚಾರ್ಯರದು. ಆಚಾರ್ಯರು ಅಂದು ಸಿದ್ಧಾಂತದಲ್ಲಿ ಎಳ್ಳಷ್ಟೂ ಸಡಿಲಿಸಲಿಲ್ಲ. ಎದುರಿಗೆ ಕುಳಿತವರು ಸಜ್ಜನರೆಂಬುದನ್ನು ಮರೆಯಲೂ ಇಲ್ಲ. ಬರುವ ಭೀಷ್ಮಾಷ್ಟಮಿಯಂದು ಅರ್ಘ್ಯ ಕೊಡುವಾಗಲೂ, ಮರುದಿನ ಮಧ್ವನವಮಿಯಂದು ವಾಯುಸ್ತುತಿಯನ್ನು ಪಠಿಸುವಾಗಲೂ ಇದು ನಮ್ಮ ನೆನಪಿನಲ್ಲಿರಲಿ.

ಶ್ರೀಕೃಷ್ಣಾರ್ಪಣಮಸ್ತು