ಹಳೆಯ ಕಂಪ್ಯೂಟರಿನ ಮುತವಲ್ಲಿ

ಮನೆಯ ವಸ್ತುವೊಂದು ಕೆಟ್ಟಾಗ ರಿಪೇರಿ ಮಾಡಿಸಬೇಕೋ ಹೊಸದು ತರಬೇಕೋ ಎಂಬ ಪ್ರಶ್ನೆಗೆ ನಮ್ಮಲ್ಲಿ ಹೆಚ್ಚಿನವರು ಲೆಕ್ಕ ಹಾಕಿ ಉತ್ತರ ಕಂಡುಕೊಳ್ಳುತ್ತೇವೆ. ರಿಪೇರಿಗೆ ಇಷ್ಟು, ಹೊಸದಕ್ಕೆ ಇಷ್ಟು, ಹಳೆಯದನ್ನು ಕೊಟ್ಟರೆ ಇಷ್ಟು ವಾಪಸ್ಸು. ಲೆಕ್ಕ ಮುಗಿದರೆ ಪ್ರಶ್ನೆಯೂ ಮುಗಿಯಿತು. ಅಣ್ಣಿಗೇರಿಯ ನಮ್ಮ ಮನೆಯ ಕಂಪ್ಯೂಟರಿನ ವಿಷಯದಲ್ಲಿ ಈ ಲೆಕ್ಕವನ್ನು ನಾವು ಮೂರು ಸಲ ಹಾಕಿದೆವು. ಮೂರು ಸಲವೂ ಉತ್ತರ ಬೇರೆ ಬೇರೆ ಬಂತು. ಲೆಕ್ಕದಿಂದ ಬಗೆಹರಿಯುವ ಪ್ರಶ್ನೆ ಇದಲ್ಲವೆಂಬ ಗುಮಾನಿ ನನಗೆ ಆಗಿನಿಂದಲೇ ಇದೆ.

ಕಂಪ್ಯೂಟರು 2014ರಲ್ಲಿ ಹುಬ್ಬಳ್ಳಿಯಿಂದ ತಂದದ್ದು. ಅದರಲ್ಲಿ ನನ್ನ ಕತೆಗಳಿವೆ, ಮಗಳ ಓದಿನ ಸಾಮಾನುಗಳಿವೆ, ಮಡದಿಯ ಹೊಲಿಗೆಯ ಲೆಕ್ಕವಿದೆ. ಈಚೆಗೆ ಸ್ವಿಚ್ ಒತ್ತಿ, ಒಳಗೆ ಹೋಗಿ ಚಹಾ ಕುಡಿದು ಬಂದರೂ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತಿತ್ತು. ಕೆಲವು ದಿನ ನಡುವೆಯೇ ಆರಿಹೋಗುತ್ತಿತ್ತು. ರಿಪೇರಿಯ ಹುಡುಗ ಬಂದು ಡಬ್ಬಿ ಬಿಚ್ಚಿದ. ಫ್ಯಾನಿನ ಮೇಲೆ ನಮ್ಮ ಎರೆಸೀಮೆಯ ಧೂಳು ಬೆರಳುದಪ್ಪ ಕೂತಿತ್ತು. ಎಸ್‌ಎಂಪಿಎಸ್ ದುರ್ಬಲವಾಗಿದೆ, ಹಾರ್ಡ್‌ಡಿಸ್ಕಿನ ಆಯುಷ್ಯ ಮುಗಿಯುತ್ತ ಬಂದಿದೆ, ಎರಡನ್ನೂ ಬದಲಿಸಲು ಐದಾರು ಸಾವಿರ ಬೇಕು ಎಂದ. ಆಮೇಲೆ ತಾನೇ ತನ್ನ ವ್ಯಾಪಾರಕ್ಕೆ ಅಡ್ಡ ಬಂದ: "ಆದ್ರ ಸರ, ಇದಕ್ಕ ರೊಕ್ಕಾ ಹಾಕೂದಂದ್ರ ಮುದಿ ಎತ್ತಿಗೆ ಲಾಳಾ ಕಟ್ಟಿಸಿದಂಗ. ವಿಂಡೋಸ್ ಹತ್ತಕ್ಕ ಇನ್ನ ಅಪ್‌ಡೇಟ್ ಬರೂದಿಲ್ಲ. ಹನ್ನೊಂದು ಇದ್ರಾಗ ಕೂಡೂದಿಲ್ಲ."

ಅವನ ಮಾತಿನಲ್ಲಿ ಎರಡು ಬೇರೆ ಬೇರೆ ಸಂಗತಿಗಳಿದ್ದವು. ಧೂಳು, ಸವೆದ ಡಿಸ್ಕು ಇವೆಲ್ಲ ಮುಪ್ಪು. ದೇಹವಿದ್ದ ಮೇಲೆ ಮುಪ್ಪು ಇದ್ದದ್ದೇ. ಎರಡನೆಯದು ಹಾಗಲ್ಲ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಮನೆಬಳಕೆದಾರರಿಗೆ ರಕ್ಷಣೆಯ ಅಪ್‌ಡೇಟುಗಳನ್ನು ಮಾತ್ರ ಇನ್ನೊಂದು ವರ್ಷ ಪಡೆಯುವ ದಾರಿಯಿಟ್ಟಿತು. 2021ರಲ್ಲಿ ಬಂದ ವಿಂಡೋಸ್ 11 ಟಿಪಿಎಂ 2.0 ಎಂಬ ರಕ್ಷಣಾ ವ್ಯವಸ್ಥೆಯನ್ನು ಕೇಳುತ್ತದೆ; ಇಂಟೆಲ್ ಪ್ರೊಸೆಸರ್ ಆದರೆ ಎಂಟನೆಯ ತಲೆಮಾರಿನದಾದರೂ ಇರಬೇಕು. ನಮ್ಮದು ನಾಲ್ಕನೆಯ ತಲೆಮಾರಿನದು. ಅದರ ಪ್ರೊಸೆಸರಿಗೆ ಯಾವ ರೋಗವೂ ಇಲ್ಲ. ಆದರೂ ಇಂಥ ದಿನದಿಂದ ನೀನು ಮುದುಕ ಎಂದು ಸಾವಿರಾರು ಮೈಲಿ ಆಚೆಯಿಂದ ಅದಕ್ಕೆ ಚೀಟಿ ಬಂತು.

ನಮ್ಮ ಸೀಮೆಗೆ ಈ ಬಗೆಯ ಮುಪ್ಪಿನ ಪರಿಚಯವಿರಲಿಲ್ಲ. ಇದು ಹತ್ತಿ ಬೆಳೆಯುವ ನಾಡು. ಗಾದಿಯ ಹತ್ತಿ ಗಂಟುಗಟ್ಟಿದರೆ ಪಿಂಜಾರರು ಬಂದು ಅದೇ ಹತ್ತಿಯನ್ನು ಹಿಂಜಿ, ಅರಳಿಸಿ, ಹೊಸ ಬಟ್ಟೆಯೊಳಗೆ ತುಂಬಿ ಹೊಲಿದು ಕೊಡುತ್ತಿದ್ದರು. ಹರಿದ ಸೀರೆಗಳು ಕೌದಿಯಾಗುತ್ತಿದ್ದವು. ಕೌದಿ ಹರಿದರೆ ಅದರ ಮೇಲೆ ಇನ್ನೊಂದು ತೇಪೆ. ಮೂರು ತಲೆಮಾರಿನ ಕೌದಿಯಲ್ಲಿ ಮೊದಲಿನ ಸೀರೆಯ ಒಂದು ಎಳೆಯಾದರೂ ಉಳಿದಿದೆಯೇ ಎಂದು ಯಾರೂ ಕೇಳಲಿಲ್ಲ. ಗ್ರೀಕರು ಹೀಗೆ ಹಲಗೆ ಹಲಗೆಯಾಗಿ ಬದಲಾದ ಥೀಸಿಯಸ್‌ನ ಹಡಗನ್ನು ಮುಂದಿಟ್ಟುಕೊಂಡು, ಇದು ಅದೇ ಹಡಗೋ ಬೇರೆಯದೋ ಎಂದು ವಾದ ಮಾಡಿದರೆಂದು ಪ್ಲುಟಾರ್ಕ್ ಬರೆದಿದ್ದಾನೆ. ನಮ್ಮ ಅಜ್ಜಿಯರು ಆ ಕೌದಿಯನ್ನು ಹೊದ್ದು ಮಲಗಿದರು.

ರಿಪೇರಿಯೆಂದರೆ ಬಡತನದ ಲಕ್ಷಣ ಎಂಬ ಭಾವನೆ ಈಗ ಬಂದಿದೆ. ಹಿಂದೆ ಅದು ದೊರೆಗಳೂ ಹೆಮ್ಮೆಯಿಂದ ಕಲ್ಲಿನಲ್ಲಿ ಕೆತ್ತಿಸುತ್ತಿದ್ದ ಪುಣ್ಯಕಾರ್ಯವಾಗಿತ್ತು. ಒಡೆದದ್ದನ್ನು, ಸೀಳಿದ್ದನ್ನು ಸರಿಪಡಿಸಲೆಂದು ದತ್ತಿ ಬಿಡುವುದಕ್ಕೆ ನಮ್ಮ ಶಾಸನಗಳಲ್ಲಿ 'ಖಂಡಸ್ಫುಟಿತ ಜೀರ್ಣೋದ್ಧಾರ' ಎಂಬ ಮಾತೇ ಇದೆ. ನಮ್ಮೂರಿನದೇ ಉದಾಹರಣೆಯಿದೆ. ಗಂಗರ ಕಾಲದಲ್ಲಿ ಅಣ್ಣಿಗೇರಿಯಲ್ಲಿ ಕಟ್ಟಿಸಿದ್ದ ಬಸದಿ ಚೋಳರ ದಾಳಿಯಲ್ಲಿ ಹಾಳಾಯಿತು. ಅದನ್ನು ಮಾಂಡಲಿಕ ಲಕ್ಷ್ಮರಸ ಮತ್ತೆ ಎತ್ತಿ ನಿಲ್ಲಿಸಿದ ಸಂಗತಿಯನ್ನು 1071-72ರ ಗಾವರವಾಡದ ಶಾಸನ ಹೇಳುತ್ತದೆ.

ಇದೇ ಪ್ರಶ್ನೆಯನ್ನು ಇನ್ನೂ ಬಿಡಿಸಿ ನೋಡಿದವರು ನಮ್ಮ ಫಿಕ್ಹ್ ಪಂಡಿತರು. ದುರಸ್ತಿಯೋ ಬದಲಾವಣೆಯೋ ಎಂಬ ಪ್ರಶ್ನೆ ಅವರಿಗೆ ಎದುರಾದದ್ದು ವಕ್ಫ್ ಆಸ್ತಿಗಳ ವಿಷಯದಲ್ಲಿ. 12ನೇ ಶತಮಾನದ ಮರ್ಗೀನಾನಿಯವರ 'ಹಿದಾಯಾ'ದ ಪ್ರಕಾರ ವಕ್ಫ್‌ನ ಆದಾಯದಲ್ಲಿ ಮೊದಲ ಖರ್ಚು ಅದರ ದುರಸ್ತಿಗೇ ಆಗಬೇಕು. ವಕ್ಫ್ ಮಾಡಿದವನು ಷರತ್ತಿನಲ್ಲಿ ಅದನ್ನು ಬರೆದಿರಲಿ, ಬಿಟ್ಟಿರಲಿ. ಮನೆಯನ್ನು ವಾಸಕ್ಕೆಂದು ಬಿಟ್ಟಿದ್ದರೆ ದುರಸ್ತಿಯ ಹೊಣೆ ಅದರಲ್ಲಿ ವಾಸಿಸುವವನದು. ಅವನಿಗೆ ಶಕ್ತಿಯಿಲ್ಲದಿದ್ದರೆ ಖಾಜಿ ಆ ಮನೆಯನ್ನು ಬಾಡಿಗೆಗೆ ಕೊಟ್ಟು, ಬಾಡಿಗೆಯಿಂದ ದುರಸ್ತಿ ಮಾಡಿಸಿ, ಮತ್ತೆ ಅವನಿಗೇ ಒಪ್ಪಿಸಬೇಕು.

ಹಾಗಾದರೆ ಬದಲಾವಣೆ ಯಾವಾಗ? ಇದಕ್ಕೆ 'ಇಸ್ತಿಬ್ದಾಲ್' ಎನ್ನುತ್ತಾರೆ. ಈ ಬಗ್ಗೆ ಇಮಾಮರುಗಳ ನಡುವೆ ಒಮ್ಮತವಿಲ್ಲ. ಹನಫಿಗಳಲ್ಲಿ ಒಪ್ಪುವವರು ಇಟ್ಟ ಷರತ್ತುಗಳನ್ನು 19ನೇ ಶತಮಾನದಲ್ಲಿ ದಮಾಸ್ಕಸ್ಸಿನ ಇಬ್ನ್ ಆಬಿದೀನ್ ಒಟ್ಟುಮಾಡಿದ್ದಾರೆ. ಆಸ್ತಿ ಪೂರ್ತಿಯಾಗಿ ಪ್ರಯೋಜನ ಕಳೆದುಕೊಂಡಿರಬೇಕು. ಅದನ್ನು ದುರಸ್ತಿ ಮಾಡುವಷ್ಟು ಆದಾಯ ಅದಕ್ಕೆ ಇರಬಾರದು. ಮಾರಾಟದಲ್ಲಿ ಕಣ್ಣಿಗೆ ಹೊಡೆಯುವಂಥ ನಷ್ಟವಾಗಬಾರದು. ಷರತ್ತುಗಳು ಇನ್ನೂ ಇವೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಆ 'ಪ್ರಯೋಜನ' ಎಂಬ ಮಾತು. ಯಾರ ಪ್ರಯೋಜನ? ಮುತವಲ್ಲಿಯದಲ್ಲ. ಆ ಆಸ್ತಿ ಯಾರಿಗಾಗಿ ಇದೆಯೋ ಅವರದು. ಹೊಸ ಕಟ್ಟಡ ಕಟ್ಟಿಸಿ ಹೆಸರು ಮಾಡುವ ಆಸೆ ಮುತವಲ್ಲಿಗೆ ಇರಬಹುದು. ಹಳೆಯದರ ಮೇಲೆ ಮೋಹವೂ ಇರಬಹುದು. ಎರಡೂ ಲೆಕ್ಕಕ್ಕೆ ಬರುವುದಿಲ್ಲ.

ಮನೆಯ ಕಂಪ್ಯೂಟರು ವಕ್ಫ್ ಆಸ್ತಿಯಲ್ಲ, ನಾನು ಫತ್ವಾ ಕೊಡುವವನೂ ಅಲ್ಲ. ಆದರೆ ನಾವೆಲ್ಲ ಮನೆಯ ವಸ್ತುಗಳ ಮಾಲೀಕರಂತೆ ಯೋಚಿಸುವುದನ್ನು ಬಿಟ್ಟು ಒಂದು ಗಳಿಗೆ ಮುತವಲ್ಲಿಯಂತೆ ಯೋಚಿಸಿದರೆ ಪ್ರಶ್ನೆಯ ರೂಪವೇ ಬದಲಾಗುತ್ತದೆ. ಮಾಲೀಕ ತನ್ನ ಜೇಬು ನೋಡಿಕೊಳ್ಳುತ್ತಾನೆ. ಮುತವಲ್ಲಿಯಾದವನು ಇದು ಯಾರ ಕೆಲಸಕ್ಕೆ ಇದೆ, ನನ್ನ ತೀರ್ಮಾನದ ಖರ್ಚನ್ನು ಯಾರು ಹೊರುತ್ತಾರೆ ಎಂದು ಕೇಳಬೇಕಾಗುತ್ತದೆ.

ನನ್ನ ಕೆಲಸದ ಮಟ್ಟಿಗೆ ಉತ್ತರ ಸುಲಭ. ನಾನು ಉರ್ದು ಶಾಲೆಯಲ್ಲಿ ಅಕ್ಷರ ಕಲಿತು ಕನ್ನಡ ಶಾಲೆಗೆ ಹೋದವನು. ಎರಡು ದಶಕದ ಬರವಣಿಗೆ ಆ ಡಬ್ಬಿಯಲ್ಲಿ ಎರಡು ರೂಪದಲ್ಲಿದೆ: ಕನ್ನಡದ್ದು ನುಡಿಯ ಹಳೆಯ ಅಕ್ಷರಗಳಲ್ಲಿ, ಉರ್ದುವಿನದು ಇನ್‌ಪೇಜ್‌ನಲ್ಲಿ. ನುಡಿಯ ಹಳೆಯ ಕಡತವನ್ನು ಆ ಅಕ್ಷರಗಳಿಲ್ಲದ ಯಂತ್ರದಲ್ಲಿ ತೆರೆದರೆ ಕತೆಯ ಬದಲು ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಂತೆ ಕಾಣುತ್ತದೆ. ಯೂನಿಕೋಡ್‌ಗೆ ಬದಲಿಸಬಹುದು, ಆದರೆ ಒತ್ತಕ್ಷರಗಳು ಅಲ್ಲಲ್ಲಿ ಜಾರಿಬೀಳುತ್ತವೆ. ಒಂದೊಂದನ್ನೂ ಕೂತು ತಿದ್ದಬೇಕು. ನನಗೆ ಬೇಕಾದದ್ದು ಇಂಟರ್‌ನೆಟ್ಟಿಗೆ ಜೋಡಿಸದೆಯೇ ನಡೆಯುವ ಒಂದು ಬರೆಯುವ ಮೇಜು. ಹೊಸ ಡಿಸ್ಕು, ಹೊಸ ಎಸ್‌ಎಂಪಿಎಸ್ ಹಾಕಿಸಿದರೆ ಈ ಮುದಿ ಎತ್ತು ಇನ್ನೂ ಹಲವು ವರ್ಷ ನನ್ನ ಹೊಲ ಉಳುತ್ತದೆ. (1981ರಲ್ಲಿ ನೂರಿ ನಸ್ತಾಲೀಕ್ ಅಕ್ಷರಗಳು ಬಂದ ಮೇಲೆ, ಉರ್ದು ಪತ್ರಿಕೆಗಳನ್ನು ಕೈಯಿಂದಲೇ ಬರೆಯುತ್ತಿದ್ದ ಕಾತಿಬರು ಒಬ್ಬೊಬ್ಬರಾಗಿ ಕೆಲಸ ಕಳೆದುಕೊಂಡರು. ಅವರನ್ನು ರಿಪೇರಿ ಮಾಡೋಣವೆಂದು ಆಗ ಯಾರಿಗೂ ಹೊಳೆಯಲಿಲ್ಲ.)

ಕಷ್ಟ ಬಂದದ್ದು ಮಗಳ ಕಡೆಯಿಂದ. ಅವಳು ಬಿ.ಕಾಂ. ಓದುತ್ತಿದ್ದಾಳೆ. ಉಚಿತವಾಗಿ ಸಿಗುವ ಲಿನಕ್ಸ್ ಹಾಕಿಸಿದರೆ ಹಳೆಯ ಯಂತ್ರವೂ ಸುರಕ್ಷಿತವಾಗಿ ಇಂಟರ್‌ನೆಟ್ ಬಳಸಬಹುದು, ಕೇರಳದ ಸರ್ಕಾರಿ ಶಾಲೆಗಳು ಬಹಳ ವರ್ಷಗಳಿಂದ ಅದರಲ್ಲೇ ಕಲಿಸುತ್ತಿವೆ, ಕಾಸರಗೋಡಿನ ಕನ್ನಡದ ಮಕ್ಕಳೂ ಅದರಲ್ಲೇ ಕಲಿತಿದ್ದಾರೆ ಎಂದು ನಾನು ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, "ಅಬ್ಬಾ, ನಮಗ ಟ್ಯಾಲಿ ಬೇಕು. ಅದು ನಡಿಯೂದು ವಿಂಡೋಸ್‌ನ್ಯಾಗ" ಎಂದಳು. ಹುಬ್ಬಳ್ಳಿಯಲ್ಲೋ ಗದಗಿನಲ್ಲೋ ನಾಳೆ ಅವಳನ್ನು ಕೆಲಸಕ್ಕೆ ಕೇಳುವವರು ಟ್ಯಾಲಿ ಬರುತ್ತದೆಯೇ ಎಂದು ಕೇಳುತ್ತಾರೆ, ಅವಳ ತಂದೆಯ ತತ್ತ್ವವೇನೆಂದು ಕೇಳುವುದಿಲ್ಲ. ಇಸ್ರಾಫ್ ಬೇಡ, ದುಂದು ಬೇಡ ಎಂದು ನಾನು ಹೇಳುವುದು ಸರಿ. ಆದರೆ ಆ ಮಿತವ್ಯಯದ ಬೆಲೆಯನ್ನು ತೆರುವವಳು ಅವಳಾದರೆ ಅದಕ್ಕೆ ಮಿತವ್ಯಯವೆನ್ನುವುದು ಹೇಗೆ? ಮನೆಗಳಲ್ಲಿ ಬಹಳ ಸಲ ಗಂಡಸರ ಸರಳ ಜೀವನದ ಖರ್ಚು ಹೆಂಗಸರ ಖಾತೆಯಿಂದಲೇ ಹೋಗುತ್ತದೆ. ಹಳೆಯ ಒಲೆ, ಹಳೆಯ ಪಂಪು, ಹಳೆಯ ಹೊಲಿಗೆ ಮಿಷನ್ನು ಇವೆಲ್ಲ ಇನ್ನೂ ನಡೆಯುತ್ತವೆ ಎಂದು ತೀರ್ಪು ಕೊಡುವವರು ಅವುಗಳನ್ನು ನಡೆಸುವವರಾಗಿರುವುದಿಲ್ಲ. ಅವಳ ಪಾಲಿಗೆ ಈ ಯಂತ್ರದ ಪ್ರಯೋಜನ ಮುಗಿದಿದೆ. ಇಸ್ತಿಬ್ದಾಲ್‌ನ ಷರತ್ತು ಇಲ್ಲಿ ಪೂರೈಸಿತು.

ಹಾಗೆಂದು ಅಂಗಡಿಗೆ ಹೋಗಿ ಮಿಂಚುವ ಹೊಸದನ್ನು ತರುವ ಮೊದಲು ಇನ್ನೊಬ್ಬ ಹೊರೆ ಹೊರುವವನನ್ನೂ ನೆನೆಯಬೇಕು. ಒಂದು ಕಂಪ್ಯೂಟರನ್ನೂ ಅದರ ಹಳೆಯ ಕಾಲದ 17 ಇಂಚಿನ ಮಾನಿಟರನ್ನೂ ತಯಾರಿಸಲು ಕಡಿಮೆಯೆಂದರೂ 240 ಕಿಲೊ ಇಂಧನ, 22 ಕಿಲೊ ರಾಸಾಯನಿಕ, 1500 ಕಿಲೊ ನೀರು ಬೇಕಾಗುತ್ತದೆಂದು ವಿಶ್ವಸಂಸ್ಥೆಯ ವಿಶ್ವವಿದ್ಯಾಲಯದ 2004ರ ಅಧ್ಯಯನ ಲೆಕ್ಕ ಹಾಕಿತ್ತು. ಇದು ಹುಟ್ಟಿನ ಖರ್ಚು. ಸಾವಿನ ಖರ್ಚು ದೆಹಲಿಯ ಸೀಲಂಪುರದಲ್ಲಿ, ಮೊರಾದಾಬಾದಿನಲ್ಲಿ ಬೀಳುತ್ತದೆ. ಹಿತ್ತಾಳೆಯ ಕೆತ್ತನೆಗೆ ಹೆಸರಾದ ಮೊರಾದಾಬಾದಿನ ಓಣಿಗಳಲ್ಲಿ ಬಡವರು ಕಂಪ್ಯೂಟರಿನ ಬೋರ್ಡುಗಳನ್ನು ಸುಟ್ಟು, ಆಮ್ಲದಲ್ಲಿ ತೊಳೆದು, ತಾಮ್ರವನ್ನೂ ಚೂರು ಚಿನ್ನವನ್ನೂ ತೆಗೆದರು. ಬೂದಿ ರಾಮಗಂಗಾ ನದಿಯ ದಂಡೆಗೆ ಬಿತ್ತು. ಹೊಗೆ ಅವರ ಎದೆಗೆ ಹೋಯಿತು. 2022ರಲ್ಲಿ ಜಗತ್ತು ಬಿಸಾಡಿದ ಇ-ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಕ್ರಮಬದ್ಧವಾಗಿ ಮರುಬಳಕೆಗೆ ಹೋದದ್ದು ಕಾಲುಭಾಗಕ್ಕಿಂತ ಕಡಿಮೆ. ನಾವು ಹೊಸದು ಕೊಂಡಾಗ ಕೊಡುವ ಬಿಲ್ಲಿನಲ್ಲಿ ಈ ಎರಡು ಊರುಗಳ ಹೆಸರಿರುವುದಿಲ್ಲ.

ಕೊನೆಗೆ ಆದದ್ದು ಇಷ್ಟು. ಹಳೆಯದಕ್ಕೆ ಡಿಸ್ಕು, ಎಸ್‌ಎಂಪಿಎಸ್ ಹಾಕಿಸಿದೆ. ಮಗಳಿಗೆ ಹುಬ್ಬಳ್ಳಿಯಿಂದ, ಯಾವುದೋ ಆಫೀಸಿನಲ್ಲಿ ನಾಲ್ಕೈದು ವರ್ಷ ದುಡಿದು ಬಂದ, ವಿಂಡೋಸ್ 11 ಕೂಡುವ ಲ್ಯಾಪ್‌ಟಾಪ್ ತಂದೆವು. ಹೊಸದರ ಅರ್ಧ ಬೆಲೆಗಿಂತ ಕಡಿಮೆ. ಅದರ ಮೇಲೆ ಹಿಂದಿನವರು ಅಂಟಿಸಿದ್ದ ನಂಬರಿನ ಚೀಟಿಯನ್ನು ಅವಳು ಕೊಬ್ಬರಿ ಎಣ್ಣೆ ಹಚ್ಚಿ ಕಿತ್ತಳು.

ಉಳಿದದ್ದು ಕಳಚಿದ ಭಾಗಗಳು. ಹಿದಾಯಾದಲ್ಲಿ ಅದಕ್ಕೂ ನಿಯಮವಿದೆ: ವಕ್ಫ್ ಕಟ್ಟಡದಿಂದ ಬಿದ್ದ ಕಲ್ಲು ಮರಗಳನ್ನು ಅದರದೇ ದುರಸ್ತಿಗೆ ಬಳಸಬೇಕು, ಈಗ ಬೇಡವಾದರೆ ಬೇಕಾಗುವ ತನಕ ಕಾದಿಡಬೇಕು, ಬಳಕೆಗೆ ಬಾರದಿದ್ದರೆ ಮಾರಿ ಆ ಹಣವನ್ನು ದುರಸ್ತಿಗೇ ಹಾಕಬೇಕು. ಇವನ್ನೇನು ಮಾಡುತ್ತೀ ಎಂದು ಹುಡುಗನನ್ನು ಕೇಳಿದೆ. ಚೀಲದಲ್ಲಿ ತುಂಬಿಟ್ಟು ಗುಜರಿಯವರಿಗೆ ಕಿಲೊ ಲೆಕ್ಕದಲ್ಲಿ ಕೊಡುತ್ತಾನಂತೆ. ಅಲ್ಲಿಂದ ಹುಬ್ಬಳ್ಳಿ. ಹುಬ್ಬಳ್ಳಿಯಿಂದ ಮುಂದೆ? "ಗೊತ್ತಿಲ್ರೀ ಸರ, ಲಾರಿ ಬರ್ತೈತಿ." ತಯಾರಕರು ತಾವು ಮಾರಿದ್ದರ ತ್ಯಾಜ್ಯಕ್ಕೆ ಹೊಣೆಯಾಗಬೇಕೆಂದು 2022ರ ಇ-ತ್ಯಾಜ್ಯ ನಿಯಮಗಳು ಹೇಳುತ್ತವೆ, 2023ರ ಏಪ್ರಿಲ್ 1ರಿಂದ ಅವು ಜಾರಿಯಲ್ಲಿವೆ. ದಾಬಸ್‌ಪೇಟೆಯಲ್ಲಿ ಇ-ಪರಿಸರ ಎಂಬ ಅಧಿಕೃತ ಘಟಕ 2005ರಷ್ಟು ಹಿಂದೆಯೇ ಶುರುವಾಯಿತು. ಅಣ್ಣಿಗೇರಿಯಿಂದ ದಾಬಸ್‌ಪೇಟೆಗೆ ಒಂದು ಎಸ್‌ಎಂಪಿಎಸ್ಸನ್ನು ಹೇಗೆ ಕಳಿಸುವುದೆಂದು ಹುಡುಗನೂ ಹೇಳಲಿಲ್ಲ, ಪೇಟೆಯಲ್ಲಿ ಕೇಳಿದ ಇನ್ನಿಬ್ಬರೂ ಹೇಳಲಿಲ್ಲ. ಸದ್ಯ ಅದನ್ನು ಅವನ ಚೀಲದಿಂದ ವಾಪಸ್ಸು ತಂದು ಅಟ್ಟದ ಮೇಲೆ ಇಟ್ಟಿದ್ದೇನೆ.